ಕೆಂಚನ ಚೀಲದ ಕೊಸರು

ಕಳೆದ ಜನವರಿಯ ಒಂದು ಬೆಳಿಗ್ಗೆ ಕರೀಗೊಪ್ಪದ ಆರು ಹೋತಗಳು ಬಾಲದ ಕೆಳಗೆ ಚೀಲ ಕಟ್ಟಿಸಿಕೊಂಡು ನೀರು ಕುಡಿಯಲು ಹೊರಟಾಗ, ಬಸ್‌ಸ್ಟ್ಯಾಂಡಿನ ಕಟ್ಟೆಯ ಮೇಲೆ ಕುಳಿತಿದ್ದ ಹದಿನಾಲ್ಕು ಜನರಲ್ಲಿ ಹದಿಮೂರು ಜನ ನಕ್ಕರು. ಹದಿನಾಲ್ಕನೆಯವನು ದರ್ಜಿ ಮಹಬೂಬಸಾಬ. ಹಳೆಯ ತಾಡಪತ್ರಿ ಕತ್ತರಿಸಿ ಚೀಲ ಹೊಲಿದವನು ಅವನೇ. ನಗುವುದು ಬಿಟ್ಟು, ಪಟ್ಟಿ ಹೊಟ್ಟೆಯ ಕೆಳಗೆ ಸರಿಯಾಗಿ ಕೂತಿದೆಯೇ ಎಂದು ಅವನು ಬಗ್ಗಿ ನೋಡುತ್ತಿದ್ದ.

“ಸಾವಕ್ಕಾ, ಇವನ್ನ ಸಾಲಿಗೆ ಹಚ್ಚೀಯೇನು?” ಎಂದು ಕಟ್ಟೆಯ ಮೇಲಿನಿಂದ ಒಬ್ಬ ಕೇಳಿದ.

“ಹಚ್ಚೀನಿ. ನಿನಗಿಂತ ಎರಡು ಇಯತ್ತಾ ಹೆಚ್ಚಿಗಿ ಕಲೀತಾವ,” ಎಂದಳು ಸಾವಕ್ಕ, ನಡಿಗೆ ನಿಲ್ಲಿಸದೆ.

ಹೋತಗಳು ಸಾವಕ್ಕನವು. ಚೀಲಗಳು ದಾನೇಶ್ವರಿಯವು. ದಾನೇಶ್ವರಿ ಕಲಘಟಗಿಯವಳು, ಇಪ್ಪತ್ತಾರು ವರ್ಷ, ಪಶುವೈದ್ಯ ಕಾಲೇಜಿನಲ್ಲಿ ಎರಡನೆಯ ಡಿಗ್ರಿ ಓದುತ್ತಿದ್ದಳು. ಯಾವ ಗಿಡದ ಸೊಪ್ಪು ಆಡಿಗೆ ಎಷ್ಟು ಅರಗುತ್ತದೆ ಎಂಬುದು ಅವಳ ಪ್ರಬಂಧದ ವಿಷಯ. ಕಾಲೇಜಿನ ಕೊಟ್ಟಿಗೆಯಲ್ಲಿ ಅದನ್ನು ಒಮ್ಮೆ ಅಳೆದಾಗಿತ್ತು. ಹಳ್ಳಿಯ ಆಡಿನಲ್ಲೂ ಅದೇ ಉತ್ತರ ಬರುತ್ತದೆಯೇ ಎಂದು ನೋಡುವುದಕ್ಕೆ ಅವಳು ಗುಡಗೇರಿಯಲ್ಲಿ ಒಂದು ಕೋಣೆ ಹಿಡಿದು, ಅದರಲ್ಲಿ ವಿದ್ಯುತ್ತಿನಿಂದ ಒಣಗಿಸುವ ಪೆಟ್ಟಿಗೆಯೊಂದನ್ನು ಇಟ್ಟುಕೊಂಡು, ಅಲ್ಲಿಂದ ನಾಲ್ಕು ಕಿಲೋಮೀಟರ್ ದೂರದ ಕರೀಗೊಪ್ಪಕ್ಕೆ ದಿನಾ ಸ್ಕೂಟಿಯಲ್ಲಿ ಬರುತ್ತಿದ್ದಳು.

ಮೂರು ಹೋತಗಳಿಗೆ ಕರಿಜಾಲಿಯ ಸೊಪ್ಪು, ಮೂರಕ್ಕೆ ಸುಬಾಬುಲ್ ಸೊಪ್ಪು. ಆರಕ್ಕೂ ಒಂದೇ ತೂಕದ ಜೋಳದ ಕಣಿಕೆ. ಎರಡು ವಾರ ರೂಢಿ ಮಾಡಿಸಿ, ಮೂರನೆಯ ವಾರ ಹಾಕಿದ ಮೇವು, ಬಿಟ್ಟ ಮೇವು, ಚೀಲಕ್ಕೆ ಬಿದ್ದ ಹಿಕ್ಕೆ ಎಲ್ಲವನ್ನೂ ತೂಗುವುದು. ಒಣಗಿಸಿ ಮತ್ತೆ ತೂಗುವುದು. ತಿಂದದ್ದರಲ್ಲಿ ಹೊರಗೆ ಬಂದದ್ದನ್ನು ಕಳೆದರೆ ಉಳಿಯುವುದು ಆಡಿಗೆ ದಕ್ಕಿದ್ದು. ಅಷ್ಟೇ ಮೇವು ತಿಂದು ಹಿಕ್ಕೆ ಕಡಿಮೆ ಹಾಕಿತೆಂದರೆ ಸೊಪ್ಪು ಒಳ್ಳೆಯದು ಎಂದರ್ಥ.

ಈ ಕೊನೆಯ ಮಾತನ್ನು ದಾನೇಶ್ವರಿ ಮೊದಲ ದಿನವೇ ಸಾವಕ್ಕನಿಗೆ ಹೇಳಬೇಕಿತ್ತು. ಚೀಲ ಹೇಗೆ ಕಟ್ಟಬೇಕು, ಯಾವಾಗ ಬಿಚ್ಚಬೇಕು, ಯಾವ ಹೋತದ್ದು ಯಾವ ಅಂಕಿಯ ಡಬ್ಬಿಗೆ ಎಂದೆಲ್ಲ ಹೇಳಿದಳು. ಇದೊಂದನ್ನು ಹೇಳಲಿಲ್ಲ. ಇಷ್ಟು ಯಾರಿಗಾದರೂ ಗೊತ್ತಿರುತ್ತದೆ ಎಂದುಕೊಂಡಿದ್ದಳು.

ಸಾವಕ್ಕನಿಗೆ ಈ ತೂಕದ ಮೇಲೆ ಕಣ್ಣಿದ್ದದ್ದಕ್ಕೆ ಕಾರಣ ಹಳ್ಳದ ದಂಡೆಯ ನಲವತ್ತಮೂರು ಕರಿಜಾಲಿ ಗಿಡಗಳು. ಎರಡೆಕರೆ ಗಾಯರಾಣದಲ್ಲಿ, ಅಂದರೆ ಊರ ಗೋಮಾಳದಲ್ಲಿ, ಅವು ತಾವಾಗಿಯೇ ಬೆಳೆದು ನಿಂತಿದ್ದವು. ಕಡಲೆ, ಜೋಳದ ಹೊಲಗಳು ಬರಿದಾದ ಮೇಲೆ, ಮಾರ್ಚಿನಿಂದ ಮೇ ತನಕ ಆ ಕಡೆಯ ಕಪ್ಪು ನೆಲದಲ್ಲಿ ಹಸಿರು ಎನ್ನುವುದು ಉಳಿಯುವುದು ಅಲ್ಲಿ ಮಾತ್ರ. ಸಾವಕ್ಕನ ಹದಿನೆಂಟು ಆಡುಗಳು ಆ ಮೂರು ತಿಂಗಳು ಬದುಕುವುದು ಅವುಗಳ ಮೇಲೆ. ಡಿಸೆಂಬರಿನಲ್ಲಿ ಪಂಚಾಯಿತಿಗೆ ಎರಡು ಸಾವಿರ ಸುಬಾಬುಲ್ ಸಸಿ ಬರುವುದೆಂದು ಗೊತ್ತಾದಾಗ ಅಧ್ಯಕ್ಷ ಸಂಗನಬಸವ, ಜಾಲಿ ಕಡಿದು ಆ ಜಾಗದಲ್ಲಿ ಅವನ್ನು ಹಚ್ಚೋಣ ಎಂದ. ಸಾವಕ್ಕ ಪಂಚಾಯಿತಿ ಕಚೇರಿಗೇ ಹೋದಳು.

“ಜಾಲಿ ಅಂದ್ರ ಮುಳ್ಳು, ಸಾವಕ್ಕಾ. ಸುಬಾಬುಲ್ ಅಂದ್ರ ಬರೇ ಎಲಿ,” ಎಂದ ಸಂಗನಬಸವ.

“ನನ್ನ ಆಡು ಮುಳ್ಳು ಬಿಟ್ಟು ಎಲಿ ತಿಂತಾವ್ರಿ, ಅಧ್ಯಕ್ಷರ. ಅಷ್ಟು ಶಾಣ್ಯಾತನ ಅವಕ್ಕೈತಿ.”

“ತಿಂದ್ರೇನಾತು? ಮೈಗೆ ಹತ್ತಬೇಕಲ್ಲ?”

“ಹತ್ತೇತೋ ಇಲ್ಲೋ ನೀವು ತಿಂದು ನೋಡೀರೇನು?”

ಪಿಡಿಒ ಹುಲಿಗೇಶ ತನ್ನ ಕಡತದೊಳಗೆ ಮುಖ ಇಟ್ಟು ನಕ್ಕ. ಸಂಗನಬಸವ ನಗಲಿಲ್ಲ. ಆದರೆ ಅವನು ನ್ಯಾಯ ಬಿಟ್ಟು ಹೋಗುವ ಮನುಷ್ಯನಲ್ಲ. “ಆತು, ಆ ಡಾಕ್ಟರ್ ಮೇಡಂ ತೂಗಾಕ ಬಂದಾರಲ್ಲ, ಅವರೇ ಹೇಳ್ಲಿ. ಜಾಲಿ ಗೆದ್ರ ಗಿಡಾ ಉಳದ್ವು. ಸುಬಾಬುಲ್ ಗೆದ್ರ ಕೊಡ್ಲಿ. ಫೆಬ್ರವರಿ ಮೂರರ ಗ್ರಾಮಸಭಾದಾಗ ಠರಾವು ಮಾಡೂಣು,” ಎಂದ.

ಇನ್ನು ಸಾವಕ್ಕನ ಕೈಯ ವಿಷಯ. ಅಳೆದು ಕೊಡುವ ಯಾವ ಪದಾರ್ಥಕ್ಕೂ ಅವಳು ಕೊಸರು ಹಾಕದೆ ಬಿಟ್ಟವಳಲ್ಲ. ಅರ್ಧ ಲೀಟರ್ ಹಾಲಿನ ಮೇಲೆ ಒಂದು ಸಣ್ಣ ಧಾರೆ, ಒಂದು ಸೇರು ಜೋಳದ ಮೇಲೆ ಒಂದು ಹಿಡಿ. ಹಾಲಿಗೆ ಬರುವ ಮಲಿಕಾಬಿ, “ಸಾಕವ್ವಾ, ತಂಬಿಗಿ ತುಂಬೈತಿ,” ಎಂದರೆ, “ಒಂದು ಗುಟುಕು ಇಲ್ಲೇ ಕುಡದು ಜಾಗಾ ಮಾಡು,” ಎನ್ನುವಳು. ಅಳತೆಗೆ ಸರಿಯಾಗಿ ಕೊಟ್ಟು ಕೈ ಝಾಡಿಸುವುದು ಅವಳ ಪ್ರಕಾರ ಮನೆತನಸ್ಥರ ಲಕ್ಷಣವಲ್ಲ.

ಹಿಕ್ಕೆಯ ಬಗ್ಗೆಯೂ ಅವಳಿಗೆ ಒಂದು ಖಚಿತವಾದ ಅಭಿಪ್ರಾಯವಿತ್ತು. ಅವಳ ಮಾವನ ಕಾಲದಲ್ಲಿ ರೈತರು ಆಡು ಕುರಿಯ ಹಿಂಡನ್ನು ಗೊಬ್ಬರಕ್ಕಾಗಿ ತಮ್ಮ ಹೊಲದಲ್ಲಿ ತರುಬಿಸಿಕೊಳ್ಳುತ್ತಿದ್ದರು. ಬೆಳಿಗ್ಗೆ ಹೊಲದ ಒಡೆಯ ಬಂದು ನೆಲ ನೋಡುತ್ತಿದ್ದ. ಹಿಕ್ಕೆ ದಟ್ಟವಾಗಿದ್ದರೆ ಮುಂದಿನ ವರ್ಷವೂ ಅದೇ ಹಿಂಡಿಗೆ ಕರೆ. ಹೀಗಾಗಿ, ಹೆಚ್ಚು ಹಾಕುವ ಆಡೇ ಒಳ್ಳೆಯ ಆಡು, ಒಳ್ಳೆಯ ಮೇವು ತಿಂದ ಆಡೇ ಹೆಚ್ಚು ಹಾಕುವುದು ಎಂಬುದರಲ್ಲಿ ಆ ಮನೆಯಲ್ಲಿ ಯಾರಿಗೂ ಸಂಶಯ ಇರಲಿಲ್ಲ.

ತೂಕದ ವಾರ ಜನವರಿ ಹದಿನಾಲ್ಕಕ್ಕೆ ಶುರುವಾಯಿತು. ದಾನೇಶ್ವರಿ ಬರುವುದು ಏಳಕ್ಕೆ. ಸಾವಕ್ಕ ಆರಕ್ಕೇ ಚೀಲ ಬಿಚ್ಚಿ ಆರು ಡಬ್ಬಿಗಳಿಗೆ ಸುರಿದಳು. ಸುರಿದ ಮೇಲೆ ಕೈ ತಾನಾಗಿಯೇ ತಿಪ್ಪೆಯ ಕಡೆ ಹೋಯಿತು. ಉಳಿದ ಹನ್ನೆರಡು ಆಡುಗಳ ಹಿಕ್ಕೆ ಅಲ್ಲಿ ರಾಶಿಯಾಗಿತ್ತು. ಜಾಲಿಯ ಮೂರು ಡಬ್ಬಿಗಳಿಗೆ ಒಂದೊಂದು ಹಿಡಿ ಹಾಕಿದಳು. ಸುಬಾಬುಲ್ ಡಬ್ಬಿಗಳಿಗೆ ಹಾಕಲಿಲ್ಲ. ಅವು ಅಧ್ಯಕ್ಷರ ಕಡೆಯವು, ಬೇಕಾದರೆ ಅವರು ಬಂದು ಹಾಕಿಕೊಳ್ಳಲಿ ಎಂಬುದು ಅವಳ ತರ್ಕ.

ಗಂಡ ಹನಮಂತಪ್ಪ ತಿಪ್ಪೆಯ ಆಚೆ ಬದಿಯಿಂದ ಎದ್ದು ನಿಂತ. “ಏನ್ ಮಾಡಾಕತ್ತೀಯೇ?”

“ಕೊಸರು ಹಾಕಾಕತ್ತೀನಿ.”

“ಹಿಕ್ಕಿಗೂನಾ?”

“ಯಾಕ, ಅಳದು ಕೊಡೂದಲ್ಲೇನು? ನೀ ಇಷ್ಟೊತ್ತಿಗೆ ತಿಪ್ಪಿ ಹಿಂದ ಏನ್ ಮಾಡಾಕತ್ತೀದಿ?”

ಹನಮಂತಪ್ಪ ಒಳಗೆ ಹೋದ. ಶ್ರಾವಣದ ಸೋಮವಾರ ದೇವರ ಮುಂದೆ ನಿಂತು ಬೀಡಿ ಬಿಟ್ಟವನು ಅವನು. ದೇವರ ಮುಂದೆ ಇವತ್ತಿಗೂ ಸೇದಿಲ್ಲ.

ನಾಲ್ಕನೆಯ ದಿನ ಆರೂವರೆಗೆ ಸಂಗನಬಸವ ವಾಕಿಂಗಿಗೆಂದು ಆ ದಾರಿಯಲ್ಲೇ ಬಂದ. ಡಬ್ಬಿಗಳ ಮುಂದೆ ನಿಂತು, ಒಂದೊಂದರಲ್ಲೂ ಇಣುಕಿ ನೋಡಿದ. “ಯಾವು ನಮ್ಮವು?”

“ಆ ಬಾಜುದ ಮೂರು.”

“ಅಗದಿ ತುಂಬ್ಯಾವಲ್ಲ! ನೋಡು, ಸುಬಾಬುಲ್ ಅಂದ್ರ ಹಿಂಗ. ನಿಮ್ಮವು ಯಾಕೋ ತಳಾ ಕಾಣಾಕತ್ತಾವ.”

ತಳ ಕಾಣುತ್ತಿರಲಿಲ್ಲ. ಆದರೆ ಆ ಮಾತು ಸಾವಕ್ಕನಿಗೆ ನಟ್ಟಿತು. ಮರುದಿನದಿಂದ ಹಿಡಿಯ ಬದಲು ಬೊಗಸೆ. ಏಳನೆಯ ದಿನ, ಮೂರನೆಯ ನಂಬರಿನ ಕೆಂಚನೆಂಬ ಹೋತದ ಡಬ್ಬಿಗೆ ಎರಡು ಬೊಗಸೆ. ಕೆಂಚ ಅವಳ ಮುದ್ದಿನ ಹೋತ. ದಾನೇಶ್ವರಿ ಆ ಡಬ್ಬಿ ತೂಗುವಾಗ ಹುಬ್ಬೇರಿಸಿದಳು. ಹಸಿ ಹಿಕ್ಕೆ, ನೀರಿನ ಭಾರವಿರಬೇಕು, ಒಣಗಿದ ಮೇಲೆ ಗೊತ್ತಾಗುತ್ತದೆ ಎಂದುಕೊಂಡು ಬರೆದುಕೊಂಡಳು.

ಒಣಗಿದ ಮೇಲೆ, ಜನವರಿ ಇಪ್ಪತ್ತಮೂರಕ್ಕೆ, ಗೊತ್ತಾಯಿತು. ಕೊನೆಯ ದಿನ ಕೆಂಚ ತಿಂದದ್ದು ಒಣ ತೂಕದಲ್ಲಿ ಆರುನೂರ ನಲವತ್ತು ಗ್ರಾಂ. ಹಿಕ್ಕೆ ಹಾಕಿದ್ದು ಆರುನೂರ ಐವತ್ತೈದು. ಅಂದರೆ ಅವನಿಗೆ ಅರಗಿದ್ದು ನೂರಕ್ಕೆ ಮೈನಸ್ ಎರಡು ಪಾಯಿಂಟ್ ಮೂರು. ಉಳಿದ ದಿನಗಳನ್ನೂ ಉಳಿದ ಹೋತಗಳನ್ನೂ ಸೇರಿಸಿದರೆ ಸುಬಾಬುಲ್ ನೂರಕ್ಕೆ ಐವತ್ತೊಂಬತ್ತು, ಜಾಲಿ ಇಪ್ಪತ್ತಮೂರು. ದಾನೇಶ್ವರಿ ತನ್ನ ಪ್ರೊಫೆಸರಿಗೆ ಫೋನ್ ಮಾಡಿದಳು.

ಅವರು ಅಂಕಿಗಳನ್ನು ಎರಡು ಸಲ ಹೇಳಿಸಿಕೊಂಡು, “ಆ ಹೋತವನ್ನು ಜೋಪಾನವಾಗಿ ನೋಡಿಕೊಳ್ಳಮ್ಮ. ದೇಶದ ಗೊಬ್ಬರದ ಚಿಂತೆಯೇ ಹೋಯಿತು,” ಎಂದು ಫೋನ್ ಇಟ್ಟರು.

ಅವಳು ತಕ್ಕಡಿಯ ಮೇಲೆ ಅಂಗಡಿಯಿಂದ ತಂದ ಒಂದು ಕಿಲೋ ಉಪ್ಪಿನ ಪೊಟ್ಟಣ ಇಟ್ಟು ನೋಡಿದಳು. ಸರಿಯಾಗಿ ಒಂದು ಕಿಲೋ. ಆಮೇಲೆ ಕೆಂಚನ ಉಳಿದ ಹಿಕ್ಕೆಯನ್ನು ಪೇಪರಿನ ಮೇಲೆ ಸುರಿದು ಒಂದೊಂದಾಗಿ ಸರಿಸಿದಳು. ಶೇಂಗಾದ ಸಿಪ್ಪೆಯ ನಾಲ್ಕು ಚೂರು ಸಿಕ್ಕವು. ಐದನೆಯದಾಗಿ ಒಂದು ಬೀಡಿಯ ತುಂಡು. ಅದನ್ನು ಕಾಗದದಲ್ಲಿ ಕಟ್ಟಿಕೊಂಡು ಸ್ಕೂಟಿ ಹತ್ತಿದಳು.

ಸಾವಕ್ಕ ಅಂಗಳದಲ್ಲಿ ಸೊಪ್ಪು ಬಿಡಿಸುತ್ತಿದ್ದಳು. ಹನಮಂತಪ್ಪ ಹಗ್ಗ ಹೊಸೆಯುತ್ತಿದ್ದ. ದಾನೇಶ್ವರಿ ಕಾಗದ ಬಿಚ್ಚಿ ಕಟ್ಟೆಯ ಮೇಲಿಟ್ಟಳು.

“ಸಾವಕ್ಕಾರ, ಕೆಂಚ ಬೀಡಿ ಸೇದತಾನೇನ್ರಿ?”

ಸಾವಕ್ಕ ತುಂಡು ನೋಡಿದಳು. ಆಮೇಲೆ ಗಂಡನನ್ನು ನೋಡಿದಳು. ಹನಮಂತಪ್ಪ ಮೋಡ ಇಲ್ಲದ ಆಕಾಶದಲ್ಲಿ ಮೋಡ ಹುಡುಕತೊಡಗಿದ.

“ಕೆಂಚ ಸೇದೂದಿಲ್ರಿ. ಸೇದಾಂವ ಬ್ಯಾರೆ ಅದಾನ. ಅವನ್ನ ಆಮ್ಯಾಲೆ ನೋಡ್ಕೊಂತೀನಿ.”

“ಅವರು ಸೇದಿದ್ದು ಕೆಂಚನ ಚೀಲದಾಗ ಹೆಂಗ ಬಂತ್ರಿ?”

“ಚೀಲದಾಗಲ್ಲ, ಡಬ್ಬ್ಯಾಗ. ಕೊಸರಿನ ಜೋಡಿ ಬಂದಿರಬೇಕು,” ಎಂದು ಸಾವಕ್ಕ ಮುಚ್ಚುಮರೆ ಇಲ್ಲದೆ ಹೇಳಿದಳು. ಮೊದಲ ದಿನದ ಹಿಡಿಯಿಂದ ಏಳನೆಯ ದಿನದ ಎರಡು ಬೊಗಸೆಯ ತನಕ ಎಲ್ಲವನ್ನೂ, ಸ್ವಲ್ಪ ಹೆಮ್ಮೆಯಿಂದಲೇ ಹೇಳಿದಳು. ದಾನೇಶ್ವರಿ ಕಟ್ಟೆಯ ಮೇಲೆ ಕುಳಿತುಬಿಟ್ಟಳು.

“ಅಕ್ಕಾರ, ಹಿಕ್ಕಿ ಹೆಚ್ಚಾದಷ್ಟೂ ಸೊಪ್ಪು ಕೆಟ್ಟದ್ದು ಅಂತ ಅರ್ಥ್ರಿ. ಈಗ ನೋಡ್ರಿ, ನೀವು ಎರಡು ರೊಟ್ಟಿ ತಿಂದ್ರಿ ಅಂತ ಇಟ್ಕೋರಿ. ಮರುದಿನ ಮುಂಜಾನೆ…”

“ಮುಂದಿಂದು ಹೇಳಬ್ಯಾಡವ್ವಾ. ತಿಳೀತು.”

ಸಾವಕ್ಕ ಕೈಯಲ್ಲಿದ್ದ ಜಾಲಿಯ ಟೊಂಗೆ ಕೆಳಗಿಟ್ಟಳು. ತೂಕ ಎಷ್ಟು ಬಂದಿದೆ ಎಂದು ಕೇಳಿದಳು. ಐವತ್ತೊಂಬತ್ತು, ಇಪ್ಪತ್ತಮೂರು ಎಂದಳು ದಾನೇಶ್ವರಿ.

“ಅಂದ್ರ ಏಳು ದಿನಾ ನಾನೇ ಕೈಯಾರೆ ಆ ಗಿಡಾ ಕಡದೆ.”

“ಇನ್ನೂ ಕಡದಿಲ್ರಿ. ಹೋತ ಇನ್ನೂ ಅದೇ ಮೇವಿನ ಮ್ಯಾಲೆ ಅದಾವ. ನಾಡದಿಂದ ಮತ್ತ ಏಳು ದಿನಾ ತೂಗೂಣು. ಮೂವತ್ತೊಂದಕ್ಕ ಮುಗೀತದ, ಎರಡಕ್ಕ ಒಣಗತದ, ಮೂರಕ್ಕ ಗ್ರಾಮಸಭಾ. ಆದ್ರ ನಾನೂ ಆರಕ್ಕ ಬರ್ತೀನಿ.”

“ನನ್ನ ಮ್ಯಾಲೆ ನಂಬಿಕಿ ಇಲ್ಲೇನು?”

“ನಿಮ್ಮ ಮ್ಯಾಲೆ ಐತ್ರಿ. ನಿಮ್ಮ ಕೈ ಮ್ಯಾಲೆ ಇಲ್ಲ.”

ಸ್ಕೂಟಿ ಓಣಿ ದಾಟಿದ ಮೇಲೆ ಬೀಡಿಯ ವಿಚಾರಣೆ ನಡೆಯಿತು. ಅದು ಇಲ್ಲಿ ಅವಶ್ಯವಿಲ್ಲ. ವಿಚಾರಣೆಯ ಕೊನೆಗೆ ಹೆಂಡತಿಯನ್ನು ಸಮಾಧಾನ ಮಾಡಲು ಹನಮಂತಪ್ಪ ಒಂದು ಉಪಾಯ ಹೇಳಿದ. “ಹೆಚ್ಚಿಗಿ ಆದ್ರ ಕೆಟ್ಟದ್ದು ಅಂದ್ರ, ಕಡಿಮಿ ಆದ್ರ ಚಲೋ ಆತಲ್ಲ? ಈ ಸಲ ಜಾಲಿ ಡಬ್ಬ್ಯಾಗಿಂದ ಒಂದೊಂದು ಹಿಡಿ ತಗದುಬಿಡು. ಗಿಡಾ ಉಳೀತಾವ, ಯಾರಿಗೂ ಗೊತ್ತಾಗೂದಿಲ್ಲ.”

“ಇದು ಹಾಕೋ ಕೈ,” ಎಂದಳು ಸಾವಕ್ಕ ಬಲಗೈ ಮೇಲೆತ್ತಿ. “ಇನ್ನೊಂದು ಸಲ ತಗಿ ಅಂದಿ ಅಂದ್ರ ನಿನ್ನ ಬೆನ್ನ ಮ್ಯಾಲೆ ಹಾಕ್ತೀನಿ, ಕೊಸರ ಸಮೇತ.”

ಎರಡನೆಯ ವಾರ ಸಾವಕ್ಕ ಬಲಗೈಯನ್ನು ಸೆರಗಿನಲ್ಲಿ ಸುತ್ತಿ ಸೊಂಟಕ್ಕೆ ಸಿಗಿಸಿಕೊಂಡು, ಎಡಗೈಯಿಂದ ಚೀಲ ಸುರಿದಳು. ಹಾಕಲಾಗದ ಕೊಸರು ಬೇರೆ ಕಡೆ ಹರಿಯಿತು. ಆ ವಾರ ಮಲಿಕಾಬಿ ಹಾಲಿಗೆ ಎರಡು ತಂಬಿಗೆ ತರತೊಡಗಿದಳು.

ಐದನೆಯ ದಿನ ದಾನೇಶ್ವರಿಯ ಸ್ಕೂಟಿ ಪಂಕ್ಚರ್ ಆಯಿತು. ಸ್ವಲ್ಪ ತಡವಾಗುತ್ತದೆ, ನೀವೇ ಬಿಚ್ಚಿಡಿ ಎಂದು ಫೋನ್ ಮಾಡಿದಳು. ಅಂಗಳದಲ್ಲಿ ಗಂಡ ಹೆಂಡತಿ ಇಬ್ಬರೇ. ಆ ದಿನ ಕೆಂಚ ಚೀಲವನ್ನು ಚೆನ್ನಾಗಿಯೇ ತುಂಬಿಸಿದ್ದ. ಬಿಚ್ಚುವಾಗ ಅವನು ಒದ್ದಾಡಿದ್ದರಿಂದ ಒಂದಷ್ಟು ಹಿಕ್ಕೆಗಳು ನೆಲಕ್ಕೆ ಚೆಲ್ಲಿದವು.

“ಬಿಡ ಅವನ್ನ. ಮಣ್ಣಾಗ ಬಿದ್ದದ್ದು ಹೋತು,” ಎಂದ ಹನಮಂತಪ್ಪ, ದೂರದಿಂದಲೇ. “ನೀ ತಗದಂಗೂ ಆಗೂದಿಲ್ಲ.”

ಸಾವಕ್ಕ ಡಬ್ಬಿ ನೋಡಿದಳು. ಹಳ್ಳದ ಕಡೆ ನೋಡಿದಳು. ಅಂಗಳದಿಂದ ಜಾಲಿ ಗಿಡಗಳ ತಲೆ ಕಾಣುತ್ತದೆ. ಆಮೇಲೆ ಕುಕ್ಕರುಗಾಲಲ್ಲಿ ಕುಳಿತು, ಬಿದ್ದ ಹಿಕ್ಕೆಗಳನ್ನು ಎಡಗೈಯಿಂದ ಆರಿಸಿ, ಮಣ್ಣು ಊದಿ, ಒಂದೊಂದಾಗಿ ಡಬ್ಬಿಗೆ ಹಾಕಿದಳು. ಹದಿನೇಳು ಇದ್ದವು. ಹದಿನೆಂಟನೆಯದು ಕೆಂಚನ ಗೊರಸಿನ ಸಂದಿಯಲ್ಲಿತ್ತು. ಕಾಲೆತ್ತಿಸಿ ಅದನ್ನೂ ತೆಗೆದಳು.

ಫೆಬ್ರವರಿ ಮೂರರ ಗ್ರಾಮಸಭೆಗೆ ಎಂದಿಗಿಂತ ಹೆಚ್ಚು ಜನ ಬಂದಿದ್ದರು. ಕುಡಿಯುವ ನೀರು, ಬೀದಿ ದೀಪಗಳ ವಿಷಯಗಳು ಬೇಗ ಮುಗಿದವು. ದಾನೇಶ್ವರಿ ಎದ್ದು ನಿಂತು ಅಂಕಿ ಓದಿದಳು. ಸುಬಾಬುಲ್ ತಿಂದ ಮೂರು ಹೋತಗಳಿಗೆ ನೂರಕ್ಕೆ ಐವತ್ತೈದು ಪಾಯಿಂಟ್ ನಾಲ್ಕು, ಐವತ್ತೆಂಟು ಪಾಯಿಂಟ್ ಆರು, ಅರವತ್ತೆರಡು ಪಾಯಿಂಟ್ ಏಳು. ಸರಾಸರಿ ಐವತ್ತೆಂಟು ಪಾಯಿಂಟ್ ಒಂಬತ್ತು. ಜಾಲಿ ತಿಂದವಕ್ಕೆ ಐವತ್ತಮೂರು ಪಾಯಿಂಟ್ ಎರಡು, ಐವತ್ತಾರು, ಐವತ್ತೊಂಬತ್ತು ಪಾಯಿಂಟ್ ಒಂದು. ಸರಾಸರಿ ಐವತ್ತಾರು ಪಾಯಿಂಟ್ ಒಂದು.

“ಕಡೀದು ಕೆಂಚಂದೇನ್ರಿ?” ಎಂದು ಸಾವಕ್ಕ ಕುಳಿತಲ್ಲಿಂದಲೇ ಕೇಳಿದಳು.

“ಹೌದ್ರಿ.” ದಾನೇಶ್ವರಿ ಮುಂದುವರಿಸಿದಳು. “ಒಂದೇ ಸೊಪ್ಪು ತಿಂದ ಹೋತಗಳ ನಡುವೇ ಆರೇಳರಷ್ಟು ಅಂತರ ಐತಿ. ಹಂಗಾಗಿ ಎರಡು ಸೊಪ್ಪುಗಳ ನಡುವಿನ ಈ ವ್ಯತ್ಯಾಸ ಸಂಖ್ಯಾಶಾಸ್ತ್ರದ ಪ್ರಕಾರ ಗಣನೀಯ ಅಲ್ಲ.”

ಸಭೆ ಗಂಭೀರವಾಗಿ ಕೇಳಿಸಿಕೊಂಡಿತು. ಒಬ್ಬರಿಗೂ ಅರ್ಥವಾಗಲಿಲ್ಲ.

“ಗಣನೀಯ ಗಿಣನೀಯ ಇರಲಿ ಮೇಡಂ,” ಎಂದ ಸಂಗನಬಸವ. “ಹೆಚ್ಚಿಗಿ ಬಂದದ್ದು ಯಾವುದ್ರಿ?”

“ಸುಬಾಬುಲ್. ಆದ್ರ…”

“ಆತಲ್ಲ. ಮಾತು ಅಂದ್ರ ಮಾತು. ಹುಲಿಗೇಶ, ಬರೀರಿ.”

ಸಾವಕ್ಕ ಎದ್ದು ನಿಂತಳು. “ಬರಿಯೂದಕ್ಕ ಮೊದಲ ಒಂದು ಕೇಳ್ತೀನ್ರಿ, ಅಧ್ಯಕ್ಷರ. ನಂದು ಎಷ್ಟರಲೆ ಕಡಿಮಿ ಬಿತ್ತು?”

“ನೂರಕ್ಕ ಹತ್ತಿರ ಹತ್ತಿರ ಮೂರು.”

“ನಿಮ್ಮ ಮನ್ಯಾಗ ನೂರು ಸೇರು ಜೋಳ ಅಳದು ಕೊಟ್ರ, ಕೊಸರು ಎಷ್ಟು ಹಾಕ್ತೀರಿ?”

ಇಡೀ ಊರಿನ ಮುಂದೆ ಕೇಳಿದ ಪ್ರಶ್ನೆ. ಸಂಗನಬಸವ ಕೂತಲ್ಲೇ ನೆಟ್ಟಗಾದ. “ನಮ್ಮ ಅಜ್ಜನ ಕಾಲದಿಂದ ನೂರಕ್ಕ ಐದು ಸೇರು. ಒಂದು ಕಾಳು ಕಡಿಮಿ ಹಾಕಿಲ್ಲ.”

“ಹೋದ ವರ್ಷ ನನಗ ನಾಕ ಬಂದಿತ್ತಲ್ರಿ,” ಎಂದು ಹಿಂದಿನ ಸಾಲಿನಿಂದ ಯಾರೋ ಅಂದರು.

“ಇರಲಿ, ನಾಕ ಅನ್ರಿ,” ಎಂದಳು ಸಾವಕ್ಕ. “ಹಾಕಿದ ಮ್ಯಾಲೆ ನೂರಾ ನಾಕ ಕೊಟ್ಟೆ ಅಂತ ಬರಕೊಂತೀರೋ, ನೂರು ಕೊಟ್ಟೆ ಅಂತೀರೋ?”

“ನೂರೇ. ಕೊಸರನ್ನ ಯಾರರ ಲೆಕ್ಕಕ್ಕ ಹಿಡೀತಾರೇನು?”

ಹೇಳಿ ಮುಗಿಸಿದ ಮೇಲೆ ಅವನಿಗೆ ಗೊತ್ತಾಯಿತು. ಸಭೆಗೆ ಅವನಿಗಿಂತ ಸ್ವಲ್ಪ ಮೊದಲೇ ಗೊತ್ತಾಗಿತ್ತು.

“ಹಂಗಾರ ನಾಕ ಲೆಕ್ಕಕ್ಕಿಲ್ಲ,” ಎಂದಳು ಸಾವಕ್ಕ, “ಮೂರು ಹೆಂಗ ಬರ್ತೈತ್ರಿ?”

ದಾನೇಶ್ವರಿ ತನ್ನ ಕಾಗದ ಮಡಚುತ್ತ, “ನಾನು ಹೇಳಿದ್ದೂ ಇದನ್ನೇ ರೀ,” ಎಂದಳು. ಅದನ್ನು ಯಾರೂ ಕೇಳಿಸಿಕೊಳ್ಳಲಿಲ್ಲ. ಹಿಂದಿನ ಸಾಲು ಇನ್ನೂ ನಗುತ್ತಿತ್ತು.

ಸಂಗನಬಸವ ಟೋಪಿ ತೆಗೆದು, ಒಳಗೆ ನೋಡಿ, ಮತ್ತೆ ಹಾಕಿಕೊಂಡ. ಜಾಲಿ ಇದ್ದಲ್ಲೇ ಇರಲಿ, ಸಸಿಗಳನ್ನು ಗಾಯರಾಣದ ಬಡಗಣ ತುದಿಯ ಬರೀ ಜಾಗದಲ್ಲಿ ಹಚ್ಚೋಣ ಎಂದ. ಹುಲಿಗೇಶ ಠರಾವು ಬರೆದ. “ಎರಡೂ ಸೊಪ್ಪುಗಳ ನಡುವಿನ ವ್ಯತ್ಯಾಸವು ಕೊಸರಿನೊಳಗೆ ಇರುವುದರಿಂದ, ಸದರಿ ನಲವತ್ತಮೂರು ಕರಿಜಾಲಿ ಗಿಡಗಳನ್ನು ಕಡಿಯತಕ್ಕದ್ದಲ್ಲ.” ಅಧ್ಯಕ್ಷ ಸಹಿ ಹಾಕಿದ.

ಮೂರು ವಾರದ ಮೇಲೆ ಮೇಲಿನ ಕಚೇರಿಯಿಂದ ಪತ್ರ ಬಂತು. ಠರಾವಿನಲ್ಲಿ ನಮೂದಿಸಿರುವ ‘ಕೊಸರು’ ಎಂಬ ಅಳತೆ ಎಷ್ಟೆಂಬುದನ್ನು ಗ್ರಾಂಗಳಲ್ಲಿ ಸ್ಪಷ್ಟಪಡಿಸಿ ಏಳು ದಿನಗಳೊಳಗೆ ವರದಿ ಸಲ್ಲಿಸುವುದು.

ಹುಲಿಗೇಶ ಕಿರಾಣಿ ಅಂಗಡಿಯಿಂದ ತಕ್ಕಡಿ ಕಡ ತಂದು ಸಾವಕ್ಕನ ಅಂಗಳದಲ್ಲಿ ಇಟ್ಟ. ಅವಳು ಒಂದು ಸೇರು ಜೋಳ ಅಳೆದು ಬುಟ್ಟಿಗೆ ಸುರಿದಳು. ಆಮೇಲೆ ಒಂದು ಹಿಡಿ ತುಂಬಿ, ಅವನು ಹೇಳಿದಂತೆ ತಕ್ಕಡಿಯ ಮೇಲೆ ಬಿಟ್ಟಳು. ಅರವತ್ತೆರಡು ಗ್ರಾಂ. ಹುಲಿಗೇಶ ಬರೆದುಕೊಂಡು ತಲೆಯೆತ್ತಿದಾಗ ತಕ್ಕಡಿ ಅರವತ್ತಾರು ತೋರಿಸುತ್ತಿತ್ತು. ಸಾವಕ್ಕ ಬೆರಳಿಗೆ ಅಂಟಿದ್ದ ಕಾಳು ಝಾಡಿಸುತ್ತಿದ್ದಳು.

“ಮತ್ತಿದೇನ ಬೇ, ಸಾವಕ್ಕಾ?”

“ಅದರ ಕೊಸರು.”

ಹುಲಿಗೇಶ ಅರವತ್ತೆರಡನ್ನು ಹೊಡೆದು ಹಾಕಲಿಲ್ಲ. ಅದರ ಮುಂದೆ ‘ಸುಮಾರು’ ಎಂದು ಸೇರಿಸಿದ.